ಛಾಯಾಗ್ರಾಹಕ ರಾಜಾ ದೀನದಯಾಳ್

ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿ ನೋಡಿದರೆ, ನಾಡಿನ ನೆತ್ತಿಯ ಮೇಲಿಟ್ಟ ಕಿರೀಟದಂತೆ ಕಾಣುವುದು ಬೀದರ ಜಿಲ್ಲೆ. ಅದರಲ್ಲಿಯೂ ತುತ್ತತುದಿಗೆ ಇರುವುದು ಔರಾದ ತಾಲ್ಲೂಕು. ಅದರ ನೆರೆಯಲ್ಲಿ ಭಾಲ್ಕಿ. ಮಾಂಜ್ರಾ ನದಿ ಬಳಸಿ ಹರಿಯುವ ಈ ಸೀಮೆಯಲ್ಲಿ ಕಪ್ಪು ಎರೆಯ ಹೊಲಗಳು ಕಣ್ಣು ಹಾಯುವವರೆಗೂ ಹರಡಿವೆ. ಬೀದರ ನಗರವಾದರೋ ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೨೩೦೦ ಅಡಿ ಎತ್ತರದಲ್ಲಿ ನಿಂತಿದೆ. ಕಪ್ಪು ನೆಲದಿಂದ ಕೆಂಪು ನೆಲಕ್ಕೆ ಏರಿಬರುವ ದಾರಿಹೋಕನಿಗೆ ಕೋಟೆಯ ಗೋಡೆಗಳೂ ಗುಮ್ಮಟಗಳೂ ದೂರದಿಂದಲೇ ಕಾಣಿಸತೊಡಗುತ್ತವೆ.

ನಾನು ಈ ಜಿಲ್ಲೆಯಲ್ಲಿ ಅಧ್ಯಾಪಕನಾಗಿದ್ದ ಕಾಲದಲ್ಲಿ ಒಮ್ಮೆ ತರಗತಿಗೆ ಒಂದು ಹಳೆಯ ಛಾಯಾಚಿತ್ರದ ಮುದ್ರಿತ ಪ್ರತಿಯನ್ನು ಒಯ್ದಿದ್ದೆ. ಅರ್ಧ ಕುಸಿದ ಮುಖಭಾಗ, ಉಳಿದುಕೊಂಡ ಒಂಟಿ ಮಿನಾರು, ಸಾಲುಸಾಲಾಗಿ ಕಮಾನಿನ ಕಿಟಕಿಗಳು. ವಿದ್ಯಾರ್ಥಿಗಳು ಒಂದು ಕ್ಷಣ ಸುಮ್ಮನೆ ನೋಡಿದರು. ಬಳಿಕ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಅದು ತಮ್ಮ ಊರಿನ ಮಹಮೂದ ಗಾವಾನನ ಮದರಸಾ ಎಂದು ಗುರುತಿಸಿದ. ದಿನವೂ ಅದರ ಮುಂದೆಯೇ ಶಾಲೆಗೆ ನಡೆದುಬರುತ್ತಿದ್ದವನು ಆತ. ಚಿತ್ರವು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನದೆಂದು ತಿಳಿದಾಗ ಅವನಿಗೆ ಆಶ್ಚರ್ಯವಾಯಿತು. ಇಷ್ಟು ಹಿಂದೆ, ಇಷ್ಟು ದೂರದ ನಮ್ಮೂರಿಗೆ ಬಂದು ಇದನ್ನು ತೆಗೆದವರು ಯಾರು ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರವಾಗಿ ಅಂದು ನಾನು ಹೇಳಿದ ಕಥೆಯೇ ಈ ಪಾಠ. ಆ ಚಿತ್ರವನ್ನು ನಮಗೆ ಉಳಿಸಿಕೊಟ್ಟವರು ರಾಜಾ ದೀನದಯಾಳರು.

ದೀನದಯಾಳರು ಹುಟ್ಟಿದ್ದು ೧೮೪೪ರಲ್ಲಿ, ಉತ್ತರ ಭಾರತದ ಮೀರತ್ ಪಟ್ಟಣದ ಬಳಿಯ ಸರ್ಧಾನಾ ಎಂಬ ಊರಿನಲ್ಲಿ. ಅವರದು ರತ್ನಪಡಿ ವ್ಯಾಪಾರ ಮಾಡುವ ಜೈನ ಮನೆತನ. ಛಾಯಾಗ್ರಹಣ ಕಲೆಯ ವಿಷಯ ಜಗತ್ತಿಗೆ ತಿಳಿದದ್ದು ೧೮೩೯ರಲ್ಲಿ. ಎಂದರೆ ಆ ಕಲೆಯು ದೀನದಯಾಳರಿಗಿಂತ ಐದೇ ವರ್ಷ ಹಿರಿದು. ಮುಂದೆ ಇಬ್ಬರ ಬಾಳೂ ಒಂದಾಗಿ ಬೆರೆಯುವುದೆಂದು ಅಂದು ಯಾರೂ ಊಹಿಸಿರಲಾರರು.

ಮನೆತನದ ವ್ಯಾಪಾರವನ್ನು ಹಿಡಿಯದೆ ದೀನದಯಾಳರು ರೂರ್ಕಿಯ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು. ರಸ್ತೆ, ಕಾಲುವೆ, ಸೇತುವೆಗಳನ್ನು ಕಟ್ಟುವವರನ್ನು ತಯಾರು ಮಾಡುತ್ತಿದ್ದ ವಿದ್ಯಾಲಯವದು. ನೆಲವನ್ನು ಅಳೆಯುವುದು, ಕಟ್ಟಡದ ನಕ್ಷೆಯನ್ನು ಗೆರೆ ತಪ್ಪದಂತೆ ಬರೆಯುವುದು, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ವೆಚ್ಚವೆಂದು ಲೆಕ್ಕ ಹಾಕುವುದು ಅಲ್ಲಿಯ ಶಿಕ್ಷಣ. ೧೮೬೬ರಲ್ಲಿ ವಿದ್ಯಾಭ್ಯಾಸ ಮುಗಿಸಿ ಅವರು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿಯನ್ನೂ ನಕ್ಷೆಗಳನ್ನೂ ಸಿದ್ಧಪಡಿಸುವ ಕೆಲಸಕ್ಕೆ ಸೇರಿದರು. ಸರಕಾರಿ ನೌಕರಿ, ತಿಂಗಳಿಗೆ ತಪ್ಪದ ಸಂಬಳ, ಸಮಾಜದಲ್ಲಿ ಗೌರವ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿದ್ದರು.

ಮೂವತ್ತರ ಹರೆಯದಲ್ಲಿ, ೧೮೭೪ರ ಸುಮಾರಿಗೆ, ದೀನದಯಾಳರ ಕೈಗೆ ಕ್ಯಾಮರಾ ಬಂದಿತು. ಮೊದಮೊದಲು ಅದು ಬಿಡುವಿನ ವೇಳೆಯ ಹವ್ಯಾಸ. ಆದರೆ ನಕ್ಷೆ ಬರೆದು ಪಳಗಿದ ಕಣ್ಣಿಗೆ ಕಟ್ಟಡದ ಅಳತೆ, ನೆರಳು ಬೆಳಕಿನ ಹದ, ಯಾವ ಕೋನದಿಂದ ನಿಂತರೆ ಇಡೀ ರಚನೆ ಒಂದೇ ನೋಟಕ್ಕೆ ಸಿಕ್ಕುವುದೆಂಬ ಅರಿವು ಆಗಲೇ ಇತ್ತು. ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರರೂ, ಮಧ್ಯ ಭಾರತದಲ್ಲಿ ಗವರ್ನರ್ ಜನರಲರ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿಯವರೂ ಅವರ ಕೈಚಳಕವನ್ನು ಮೆಚ್ಚಿ ಪ್ರೋತ್ಸಾಹಿಸಿದರು. ೧೮೭೫-೭೬ರಲ್ಲಿ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದಾಗ ಅವನ ಚಿತ್ರವನ್ನು ತೆಗೆಯುವ ಅವಕಾಶವೂ ದೀನದಯಾಳರಿಗೆ ದೊರೆಯಿತು. ಕೆಲವು ವರ್ಷಗಳ ತರುವಾಯ ಸರ್ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಸಂಗಡ ಬುಂದೇಲಖಂಡದ ಪ್ರವಾಸ ಮಾಡಿ ಅಲ್ಲಿಯ ಪ್ರಾಚೀನ ಸ್ಮಾರಕಗಳನ್ನು ಚಿತ್ರಿಸಿದರು. ಆ ಅಧಿಕಾರಿ ಮಧ್ಯ ಭಾರತದ ಸ್ಮಾರಕಗಳನ್ನು ಕುರಿತು ೧೮೮೬ರಲ್ಲಿ ಹೊರತಂದ ದೊಡ್ಡ ಗ್ರಂಥಕ್ಕೆ ದೀನದಯಾಳರ ಚಿತ್ರಗಳೇ ಜೀವಾಳವಾದುವು.

ಇಂದು ಗುಂಡಿಯೊಂದನ್ನು ಒತ್ತಿದ ಕ್ಷಣದಲ್ಲಿ ಚಿತ್ರ ಮೂಡುತ್ತದೆ. ಬೇಡವಾದರೆ ಮರುಕ್ಷಣದಲ್ಲಿ ಅಳಿಸಬಹುದು. ದೀನದಯಾಳರ ಕಾಲದಲ್ಲಿ ಒಂದು ಚಿತ್ರವೆಂದರೆ ಒಂದು ದಿನದ ಸಾಹಸ. ಕ್ಯಾಮರಾ ಎಂಬುದು ಮರದ ದೊಡ್ಡ ಪೆಟ್ಟಿಗೆ. ಅದನ್ನು ಮೂರು ಕಾಲಿನ ಪೀಠದ ಮೇಲೆ ಅಲುಗದಂತೆ ನಿಲ್ಲಿಸಬೇಕು. ಒಳಗೆ ಇಡುವುದು ಗಾಜಿನ ಫಲಕ. ಆ ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹೊಯ್ದು, ಬೆಳ್ಳಿಯ ಲವಣ ಕರಗಿಸಿದ ನೀರಿನಲ್ಲಿ ಅದ್ದಿ, ತೇವ ಆರುವುದರೊಳಗಾಗಿ ಚಿತ್ರ ತೆಗೆದು, ತೇವ ಆರುವುದರೊಳಗಾಗಿಯೇ ಅದನ್ನು ಸಂಸ್ಕರಿಸಬೇಕಾಗಿತ್ತು. ಕೆಲವೇ ನಿಮಿಷಗಳ ಅವಧಿ. ಆದುದರಿಂದ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಗುಡಾರವನ್ನೂ ರಾಸಾಯನಿಕಗಳ ಸೀಸೆಗಳನ್ನೂ ನೀರಿನ ಕೊಡಗಳನ್ನೂ ಹೊತ್ತೊಯ್ಯಬೇಕಿತ್ತು. ನೀರಿನಲ್ಲಿ ಒಂದು ಕಸ, ಗಾಳಿಯಲ್ಲಿ ಒಂದು ಹಿಡಿ ಧೂಳು, ಗಾಡಿಯ ಒಂದು ಕುಲುಕು, ಇಷ್ಟು ಸಾಕು ದಿನದ ದುಡಿಮೆ ಮಣ್ಣುಪಾಲಾಗಲು. ೧೮೮೦ರ ಹೊತ್ತಿಗೆ ಮೊದಲೇ ಸಿದ್ಧಪಡಿಸಿದ ಒಣ ಫಲಕಗಳು ಪೇಟೆಗೆ ಬಂದುವು. ಕೆಲಸ ತುಸು ಹಗುರಾಯಿತು. ಆದರೂ ಗಾಜಿನ ಭಾರ, ಒಡೆಯುವ ಭಯ ತಪ್ಪಲಿಲ್ಲ. ಗಾಜಿನಿಂದ ಕಾಗದಕ್ಕೆ ಚಿತ್ರವನ್ನಿಳಿಸಲು ಕೋಳಿಮೊಟ್ಟೆಯ ಬಿಳಿಭಾಗವನ್ನು ಲೇಪಿಸಿದ ಕಾಗದವನ್ನು ಬಳಸುತ್ತಿದ್ದರು. ಅಂದಿನ ಚಿತ್ರಗಳಲ್ಲಿ ಕಾಣುವ ಕಂದುಬಣ್ಣದ ಹೊಳಪಿಗೆ ಅದೇ ಕಾರಣ.

ಬೀದರಿನ ಮಕ್ಕಳಿಗೆ ಈ ರಹಸ್ಯವನ್ನು ತಿಳಿಸುವುದು ಸುಲಭ. ನಮ್ಮ ಬಿದರಿ ಕುಶಲಕರ್ಮಿಗಳು ಸತುವಿನ ಮಿಶ್ರಲೋಹದ ಪಾತ್ರೆಯಲ್ಲಿ ಬಳ್ಳಿ ಹೂವುಗಳನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ಎಳೆಗಳನ್ನು ಬಡಿದು ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹವೆಲ್ಲ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಛಾಯಾಚಿತ್ರದಲ್ಲಿಯೂ ಕೆಲಸ ಮಾಡುವುದು ಬೆಳ್ಳಿಯೇ. ಆದರೆ ಅಲ್ಲಿ ಬೆಳಕು ಬಿದ್ದ ಕಡೆಯಲ್ಲಿ ಬೆಳ್ಳಿಯೇ ಕಪ್ಪಾಗುತ್ತದೆ. ಒಂದು ಕಲೆಯಲ್ಲಿ ಮಣ್ಣು ಮಾಡುವ ಕೆಲಸವನ್ನು ಇನ್ನೊಂದರಲ್ಲಿ ಸೂರ್ಯನು ಮಾಡುತ್ತಾನೆ. ಎರಡಕ್ಕೂ ಬೇಕಾದುದು ಕೈಯ ಹದ ಮತ್ತು ಕಾಯುವ ತಾಳ್ಮೆ.

ದೀನದಯಾಳರ ಬಾಳಿನ ದಿಕ್ಕು ಬದಲಾದದ್ದು ೧೮೮೫ರ ಸುಮಾರಿಗೆ. ಆ ವೇಳೆಗೆ ಅವರು ವೈಸರಾಯರ ಛಾಯಾಗ್ರಾಹಕರೆಂಬ ಮನ್ನಣೆ ಪಡೆದಿದ್ದರು. ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನರು ಅವರನ್ನು ತಮ್ಮ ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡರು. ನಿಜಾಮರ ಆಶ್ರಯ ದೊಡ್ಡದು, ನಿಜ; ಆದರೆ ಅರಸರ ಒಲವು ಎಂದು ಹೇಗೆ ತಿರುಗುವುದೆಂದು ಬಲ್ಲವರಾರು? ಸರಕಾರಿ ನೌಕರಿಯ ಭದ್ರತೆ ಒಂದು ಕಡೆ, ಮನಸ್ಸು ಮೆಚ್ಚಿದ ಕಲೆ ಇನ್ನೊಂದು ಕಡೆ. ನಲವತ್ತು ದಾಟಿದ ಸಂಸಾರಸ್ಥನಿಗೆ ಅದು ಸುಲಭದ ಆಯ್ಕೆಯಲ್ಲ. ದೀನದಯಾಳರು ನೌಕರಿಯನ್ನು ಬಿಟ್ಟರು. ೧೮೮೬ರಲ್ಲಿ ಸಿಕಂದರಾಬಾದಿನಲ್ಲಿ ಚಿತ್ರಶಾಲೆಯನ್ನು ತೆರೆದರು. ಮಕ್ಕಳಾದ ಗ್ಯಾನ್‌ಚಂದ್ ಮತ್ತು ಧರಮ್‌ಚಂದ್ ತಂದೆಯ ಕಸಬನ್ನೇ ಕಲಿತು ಕೈಗೂಡಿದರು. ಫಲಕಗಳನ್ನು ತೊಳೆಯುವವರು, ಪ್ರತಿ ತೆಗೆಯುವವರು, ಚಿತ್ರಗಳಿಗೆ ಬಣ್ಣ ತುಂಬುವವರು ಹೀಗೆ ಹಲವರಿಗೆ ಅದು ಅನ್ನದ ನೆಲೆಯಾಯಿತು. ದೀನದಯಾಳರ ಹೆಸರಿನಲ್ಲಿ ಉಳಿದಿರುವ ಸಾವಿರಾರು ಚಿತ್ರಗಳಲ್ಲಿ ಇವರೆಲ್ಲರ ಪಾಲೂ ಇದೆ ಎಂಬುದನ್ನು ಮರೆಯಬಾರದು.

ನಿಜಾಮರ ಸಂಸ್ಥಾನ ಅಂದು ಬಹು ವಿಸ್ತಾರವಾಗಿತ್ತು. ತೆಲುಗು, ಮರಾಠಿ, ಕನ್ನಡ ಮೂರು ಭಾಷೆಗಳ ಜನ ಅದರಲ್ಲಿ ಬಾಳುತ್ತಿದ್ದರು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ೧೯೪೮ರವರೆಗೆ ಆ ಸಂಸ್ಥಾನದ ಆಡಳಿತದಲ್ಲಿದ್ದುವು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ನಾಡಿಗೆ ಸೇರಿದುವು. ಸಂಸ್ಥಾನದ ಪ್ರೇಕ್ಷಣೀಯ ಸ್ಥಳಗಳನ್ನೆಲ್ಲ ಚಿತ್ರಗಳಲ್ಲಿ ಸಂಗ್ರಹಿಸುವ ಹೊಣೆ ದೀನದಯಾಳರ ಮೇಲೆ ಬಿದ್ದಿತು. ಎಲ್ಲೋರದ ಗುಹೆಗಳು, ದೌಲತಾಬಾದಿನ ದುರ್ಗ, ಗೋಲ್ಕೊಂಡದ ಗೋರಿಗಳು, ವಾರಂಗಲ್ಲಿನ ಶಿಲಾತೋರಣಗಳು, ಇವುಗಳ ಸಾಲಿನಲ್ಲಿ ನಮ್ಮ ಗುಲ್ಬರ್ಗ, ಬೀದರಗಳೂ ಸೇರಿದುವು.

ಆಗಿನ ಕಾಲಕ್ಕೆ ಬೀದರಿಗೆ ಬರುವುದೇ ಒಂದು ಯಾತ್ರೆ. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿಯೇ ರೈಲುದಾರಿಯಾಗಿತ್ತು; ಗುಲ್ಬರ್ಗಕ್ಕೂ ರೈಲು ಬಂದಿತ್ತು. ಆದರೆ ಬೀದರಿಗೆ ರೈಲು ಬಂದದ್ದು ದೀನದಯಾಳರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಸಿಕಂದರಾಬಾದಿನಿಂದ ೧೩೦ ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಗಾಡಿದಾರಿಯಲ್ಲಿಯೇ ಕ್ರಮಿಸಬೇಕಾಗಿತ್ತು. ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಗಾಜಿನ ಫಲಕಗಳನ್ನು ಜೋಡಿಸಿ, ಎತ್ತಿನ ಗಾಡಿಯ ಪ್ರತಿ ಕುಲುಕಿಗೂ ಎದೆಯನ್ನು ಕೈಯಲ್ಲಿ ಹಿಡಿದುಕೊಂಡು ಸಾಗುವ ಪಯಣವನ್ನು ನಾವು ಕಲ್ಪಿಸಿಕೊಳ್ಳಬಹುದು. ಹೋಗುವಾಗ ಒಡೆದರೆ ಹಣದ ನಷ್ಟ. ಮರಳುವಾಗ ಒಡೆದರೆ ಮತ್ತೆ ಸಿಕ್ಕದ ಬೆಳಕಿನ ನಷ್ಟ.

ಹೀಗೆ ದೀನದಯಾಳರ ಕ್ಯಾಮರಾ ಬೀದರಿಗೆ ಬಂದಿತು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಗುಲ್ಬರ್ಗದಿಂದ ಈ ಊರಿಗೆ ತಂದಿದ್ದರು. ದೂರದ ಪರ್ಷಿಯದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗಾವಾನನು ೧೪೭೨ರಲ್ಲಿ ಇಲ್ಲಿ ಮಹಾವಿದ್ಯಾಲಯವನ್ನು ಕಟ್ಟಿಸಿದನು. ಹಸಿರು, ನೀಲಿ, ಹಳದಿ ಬಣ್ಣದ ಹೆಂಚುಗಳಿಂದ ಅದರ ಮುಖಭಾಗ ಹೊಳೆಯುತ್ತಿತ್ತು. ಸುಳ್ಳು ಆಪಾದನೆಗೆ ಗುರಿಯಾಗಿ ೧೪೮೧ರಲ್ಲಿ ಆ ಮಂತ್ರಿ ತಲೆಕೊಟ್ಟನು. ಅವನು ಕಟ್ಟಿಸಿದ ವಿದ್ಯಾಲಯವೂ ೧೬೯೬ರಲ್ಲಿ ಮದ್ದುಗುಂಡು ಸಿಡಿದು ಅರ್ಧ ಕುಸಿಯಿತು. ದೀನದಯಾಳರ ಕಾಲಕ್ಕೆ ಉಳಿದಿದ್ದುದು ಆ ಉಳಿದರ್ಧವೇ. ಅವರು ಅದನ್ನು ಮರೆಮಾಚಲಿಲ್ಲ. ಚೆಂದದ ಕಡೆಯನ್ನಷ್ಟೇ ಆಯ್ದು ತೋರಿಸಲಿಲ್ಲ. ಕುಸಿದ ಗೋಡೆಯೂ ನಿಂತ ಮಿನಾರೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಇರುವುದರಿಂದಲೇ ಅದು ನಮ್ಮ ಪಾಲಿಗೆ ದಾಖಲೆಯಾಗಿದೆ. ಎಂಜಿನಿಯರನ ಕಣ್ಣು ಇದ್ದುದನ್ನು ಇದ್ದಂತೆ ಅಳೆಯಿತು. ಕಲಾವಿದನ ಕಣ್ಣು ಅದಕ್ಕೆ ತಕ್ಕ ಬೆಳಕಿಗಾಗಿ ಕಾಯಿತು.

ಈ ಚಿತ್ರಗಳ ಬೆಲೆ ಏನೆಂಬುದು ಸ್ಮಾರಕಗಳನ್ನು ರಕ್ಷಿಸುವವರಿಗೆ ಚೆನ್ನಾಗಿ ಗೊತ್ತು. ಒಂದು ಹೆಂಚು ಎಲ್ಲಿತ್ತು, ಯಾವ ಕಮಾನು ಅಂದು ಗಟ್ಟಿಯಾಗಿತ್ತು, ಯಾವ ಬಿರುಕು ಆಗಲೇ ಮೂಡಿತ್ತು ಎಂಬುದನ್ನು ಹೇಳಲು ನೆನಪು ಸಾಲದು. ನೆನಪು ಬಣ್ಣ ಹಚ್ಚುತ್ತದೆ. ಗಾಜಿನ ಫಲಕ ಹಚ್ಚುವುದಿಲ್ಲ.

ದೀನದಯಾಳರು ಕಟ್ಟಡಗಳನ್ನಷ್ಟೇ ಅಲ್ಲ, ನೆಲವನ್ನೂ ಕಾಡನ್ನೂ ಬೇಟೆಯನ್ನೂ ಚಿತ್ರಿಸಿದರು. ನಿಜಾಮ ಮಹಬೂಬ್ ಅಲಿಖಾನರು ಹುಲಿಬೇಟೆಯಲ್ಲಿ ಹೆಸರಾದವರು. ಬೇಟೆಯ ಶಿಬಿರಕ್ಕೆ ಆನೆ, ಕುದುರೆ, ಗುಡಾರಗಳೊಡನೆ ಛಾಯಾಗ್ರಾಹಕನೂ ಹೋಗಬೇಕಿತ್ತು. ೧೯೦೨ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ದಂಪತಿಗಳು ವಾರಂಗಲ್ ಸೀಮೆಯ ನೆಕೊಂಡದ ಬಳಿ ಬೇಟೆಯಾಡಿ, ಸತ್ತ ಹುಲಿಯ ಹಿಂದೆ ನಿಂತ ಚಿತ್ರ ಪ್ರಸಿದ್ಧವಾಗಿದೆ. ಆ ಚಿತ್ರಗಳಲ್ಲಿ ಕಾಡುಪ್ರಾಣಿ ಕಾಣಿಸಿಕೊಳ್ಳುವುದು ಸತ್ತ ಮೇಲೆಯೇ. ಅಂದಿನ ಫಲಕಗಳೂ ಮಸೂರಗಳೂ ದಟ್ಟ ಕಾಡಿನ ಮಬ್ಬಿನಲ್ಲಿ ಸುಳಿದಾಡುವ ಜೀವವನ್ನು ದೂರದಿಂದ ಹಿಡಿಯಲು ಶಕ್ತವಾಗಿರಲಿಲ್ಲ ಎಂಬುದು ಒಂದು ಕಾರಣ. ಕೊಂದವನ ಪೌರುಷವೇ ಅಂದಿನವರಿಗೆ ನೋಡತಕ್ಕ ವಸ್ತುವಾಗಿತ್ತು ಎಂಬುದು ಇನ್ನೊಂದು ಕಾರಣ.

ಇಂದು ನಾವು ಆ ಚಿತ್ರಗಳನ್ನು ಬೇರೆ ಮನಸ್ಸಿನಿಂದ ನೋಡುತ್ತೇವೆ. ಹುಲಿಯ ಮುಖದಲ್ಲಿ ನಮಗೆ ಕಾಣುವುದು ಪೌರುಷವಲ್ಲ, ನಷ್ಟ. ದಖ್ಖನ್ನಿನ ಬಯಲುಗಳಲ್ಲಿ ಪಳಗಿಸಿದ ಶಿವಂಗಿಗಳನ್ನು ಬಿಟ್ಟು ಕೃಷ್ಣಮೃಗಗಳನ್ನು ಬೇಟೆಯಾಡುವುದು ಅರಸುಮನೆತನಗಳ ವಿನೋದವಾಗಿತ್ತು. ಆ ಶಿವಂಗಿಯ ಕುಲ ಭಾರತದಿಂದ ಅಳಿಯಿತೆಂದು ೧೯೫೨ರಲ್ಲಿ ಸಾರಲಾಯಿತು; ಈಚೆಗೆ ಆಫ್ರಿಕದಿಂದ ಅವನ್ನು ತಂದು ಮಧ್ಯಪ್ರದೇಶದ ಕಾಡಿಗೆ ಬಿಡಬೇಕಾಯಿತು. ಕೃಷ್ಣಮೃಗ ಮಾತ್ರ ನಮ್ಮ ಪುಣ್ಯಕ್ಕೆ ಉಳಿದುಕೊಂಡಿದೆ. ಔರಾದ, ಭಾಲ್ಕಿಯ ಕಡೆ ಬೆಳಗಿನ ಜಾವದಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಕಡಲೆ, ಜೋಳದ ಹೊಲಗಳ ಆಚೆ ಅದರ ಹಿಂಡು ನೆಗೆನೆಗೆದು ಓಡುವ ನೋಟವನ್ನು ಕಾಣಬಹುದು. ತರುವಾಯದ ತಲೆಮಾರಿನ ಕನ್ನಡ ನಾಡಿನ ಛಾಯಾಗ್ರಾಹಕರು, ಸಂಡೂರಿನ ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು, ಬಂದೂಕಿಲ್ಲದೆ ಕಾಡಿಗೆ ಹೋಗಿ ಬದುಕಿರುವ ಪ್ರಾಣಿಯ ಚಿತ್ರವನ್ನು ತಂದು ಜಗತ್ತಿನ ಮೆಚ್ಚುಗೆ ಗಳಿಸಿದರು. ದೀನದಯಾಳರ ಕಾಲಕ್ಕೂ ಇವರ ಕಾಲಕ್ಕೂ ನಡುವೆ ಬದಲಾದದ್ದು ಯಂತ್ರವೊಂದೇ ಅಲ್ಲ, ಮನುಷ್ಯನ ಮನಸ್ಸೂ ಹೌದು.

ಜನರ ನಿತ್ಯಜೀವನವೂ ದೀನದಯಾಳರ ಗಮನದಿಂದ ತಪ್ಪಿಸಿಕೊಳ್ಳಲಿಲ್ಲ. ಅರಮನೆಯ ದೀಪಾಲಂಕಾರದ ಜೊತೆಗೆ ಬೀದಿಯನ್ನೂ, ಆಸ್ಥಾನಿಕರ ಜೊತೆಗೆ ಕಸಬುದಾರರನ್ನೂ ಅವರು ಚಿತ್ರಿಸಿದರು. ಪರದೆಯ ಪದ್ಧತಿ ಬಿಗಿಯಾಗಿದ್ದ ಆ ಕಾಲದಲ್ಲಿ ದೊಡ್ಡ ಮನೆತನದ ಹೆಂಗಸರು ಪರಪುರುಷನ ಮುಂದೆ ಕುಳಿತು ಚಿತ್ರ ತೆಗೆಸಿಕೊಳ್ಳುವಂತಿರಲಿಲ್ಲ. ಅದಕ್ಕಾಗಿ ೧೮೯೨ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಚಿತ್ರಶಾಲೆಯನ್ನು ತೆರೆದರು. ಸುತ್ತಲೂ ಎತ್ತರದ ಗೋಡೆ. ಒಳಗೆ ಕ್ಯಾಮರಾ ಹಿಡಿದವರು ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆ. ತಾನು ಹೇಗೆ ಕಾಣುತ್ತೇನೆಂಬುದನ್ನು ಕನ್ನಡಿಯಲ್ಲಲ್ಲದೆ ಬೇರೆಲ್ಲಿಯೂ ನೋಡಿರದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಮೊದಲ ಸಲ ತಮ್ಮ ಮುಖವನ್ನು ಕೈಯಲ್ಲಿ ಹಿಡಿಯುವ ಭಾಗ್ಯವನ್ನು ಒದಗಿಸಿರಬೇಕು.

ದೀನದಯಾಳರ ಚಿತ್ರಗಳಲ್ಲೆಲ್ಲ ಮನಸ್ಸನ್ನು ಅಲುಗಿಸುವಂಥವು ೧೮೯೯-೧೯೦೦ರ ಕ್ಷಾಮದ ಕಾಲದವು. ಮಳೆ ಕೈಕೊಟ್ಟು ದಖ್ಖನ್ನಿನ ಬಹುಭಾಗ ಬೆಂದುಹೋಗಿತ್ತು. ಔರಂಗಾಬಾದ್ ಜಿಲ್ಲೆಯಲ್ಲಿ ಸಂಸ್ಥಾನವು ನಡೆಸಿದ ಪರಿಹಾರ ಕಾರ್ಯಗಳನ್ನು ಚಿತ್ರಿಸಲು ಅವರ ಸಂಸ್ಥೆಯನ್ನು ನಿಯಮಿಸಿದ್ದರು. ಆಳುವವರ ಉದ್ದೇಶ ತಾವು ಮಾಡಿದ ಒಳ್ಳೆಯ ಕೆಲಸವನ್ನು ತೋರಿಸುವುದು. ಆದರೆ ಗಾಜಿನ ಫಲಕವು ಆಜ್ಞೆಯನ್ನು ಅರಿಯದು, ಎದುರಿಗಿದ್ದುದನ್ನೆಲ್ಲ ಹಿಡಿಯುತ್ತದೆ. ಸಾಲುಗಟ್ಟಿದ ಜನರ ಎದೆಯ ಎಲುಬುಗಳು, ಕುಳಿಬಿದ್ದ ಕಣ್ಣುಗಳು, ತಾಯಿಯ ಸೆರಗು ಹಿಡಿದ ಮಗು, ಇವೆಲ್ಲ ಆ ಚಿತ್ರಗಳಲ್ಲಿ ಉಳಿದುವು. ನಮ್ಮ ಭಾಗದ ಹಿರಿಯರು ೧೯೭೨ರ ಬರವನ್ನು ನೆನೆದಾಗ ಕಲ್ಲು ಒಡೆದು ಕೂಲಿ ಗಳಿಸಿದ ದಿನಗಳನ್ನು ಹೇಳಿ ಮಾತು ನಿಲ್ಲಿಸುತ್ತಾರೆ. ಅದಕ್ಕೂ ಹಿಂದಿನ ಬರಗಳಲ್ಲಿ ನೊಂದವರ ಮಾತು ಕೇಳಲು ಈಗ ಯಾರೂ ಇಲ್ಲ. ಅವರ ಪರವಾಗಿ ಸಾಕ್ಷಿ ನುಡಿಯುವುದು ಆ ಚಿತ್ರಗಳೇ.

ಕೀರ್ತಿ ದೀನದಯಾಳರನ್ನು ಹುಡುಕಿಕೊಂಡು ಬಂದಿತು. ೧೮೯೩ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಅವರ ಚಿತ್ರಗಳಿಗೆ ಬಹುಮಾನ ಬಂದಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಜರುಗಿದ್ದೂ ಅದೇ ಪ್ರದರ್ಶನದ ಸಂದರ್ಭದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕರೆಂದು ಕರೆದುಕೊಳ್ಳುವ ರಾಜಮನ್ನಣೆಯೂ ಅವರಿಗೆ ಪ್ರಾಪ್ತವಾಯಿತು. ನಿಜಾಮರು ಅವರಿಗೆ ರಾಜಾ ಬಹಾದುರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ಮುಸವ್ವಿರ್ ಎಂದರೆ ಚಿತ್ರಕಾರ. ಸ್ವತಃ ಕವಿಯಾಗಿದ್ದ ನಿಜಾಮರು ತಮ್ಮ ಛಾಯಾಗ್ರಾಹಕನ ಕೌಶಲವನ್ನು ಕೊಂಡಾಡಿ ಉರ್ದುವಿನಲ್ಲಿ ದ್ವಿಪದಿಯೊಂದನ್ನು ರಚಿಸಿದರೆಂಬುದು ಪ್ರಸಿದ್ಧವಾಗಿದೆ. ೧೮೯೬ರಲ್ಲಿ ಮುಂಬಯಿಯಲ್ಲಿ ಭವ್ಯವಾದ ಚಿತ್ರಶಾಲೆ ಆರಂಭವಾಯಿತು. ೧೯೦೩ರ ದೆಹಲಿ ದರ್ಬಾರಿನ ವೈಭವವನ್ನೂ ಅವರ ಸಂಸ್ಥೆ ಚಿತ್ರಿಸಿತು.

ಏರಿದ ಬೆಳಕು ಇಳಿಯಲೇಬೇಕು. ದರ್ಬಾರಿನ ಸಂಭ್ರಮ ಮುಗಿದ ಮರುವರ್ಷವೇ, ೧೯೦೪ರಲ್ಲಿ, ಮಗ ಧರಮ್‌ಚಂದ್ ತೀರಿಕೊಂಡರು. ತಂದೆಯ ಕಸಬನ್ನು ಮುಂದುವರಿಸಬೇಕಾದ ಮಗನನ್ನು ಕಳೆದುಕೊಂಡ ನೋವನ್ನು ಯಾವ ಬಿರುದು ಮರೆಸೀತು? ೧೯೦೫ರ ಜುಲೈ ೫ರಂದು ಮುಂಬಯಿಯಲ್ಲಿ ದೀನದಯಾಳರು ಕಣ್ಣು ಮುಚ್ಚಿದರು. ಇನ್ನೊಬ್ಬ ಮಗ ಗ್ಯಾನ್‌ಚಂದ್ ಕೆಲಸವನ್ನು ಮುಂದುವರಿಸಿದರು. ಆದರೆ ೧೯೧೧ರಲ್ಲಿ ಆಶ್ರಯದಾತರಾದ ನಿಜಾಮರೂ ಕಾಲವಾದರು. ಕೈಯಲ್ಲಿ ಹಿಡಿಯುವ ಪುಟ್ಟ ಕ್ಯಾಮರಾಗಳು ಮನೆಮನೆಗೆ ಬರತೊಡಗಿದುವು. ದೊಡ್ಡ ಚಿತ್ರಶಾಲೆಗಳ ಕಾಲ ಮುಗಿಯುತ್ತ ಬಂದಿತು.

ಉಳಿದವು ಗಾಜಿನ ಫಲಕಗಳು. ಅವುಗಳಲ್ಲಿ ಎಷ್ಟೋ ಕಾಲನ ಪಾಲಾದುವು. ಉಳಿದುಬಂದ ೨೮೫೭ ಫಲಕಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ೧೯೮೯ರಲ್ಲಿ ಕೊಂಡು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ೨೦೦೬ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಇತರರ ಮುಖಗಳನ್ನು ಬಾಳೆಲ್ಲ ಚಿತ್ರಿಸಿದವರ ಮುಖ ಹೀಗೆ ಸಣ್ಣದೊಂದು ಚೀಟಿಯ ಮೇಲೆ ದೇಶವನ್ನೆಲ್ಲ ಸುತ್ತಿತು.

ದೀನದಯಾಳರ ಸಾಧನೆಯನ್ನು ಅಳೆಯುವಾಗ ನ್ಯಾಯವಾಗಿ ಅಳೆಯಬೇಕು. ಅವರು ಅರಸರ ಮತ್ತು ಅಧಿಕಾರಿಗಳ ಛಾಯಾಗ್ರಾಹಕರು. ಅವರ ಬಹುಪಾಲು ಚಿತ್ರಗಳು ಹಣ ಕೊಟ್ಟವರ ಇಷ್ಟದಂತೆ ತೆಗೆದವು. ಕುರ್ಚಿಯಲ್ಲಿ ಕುಳಿತವರ ಹೆಸರು ಚಿತ್ರದ ಕೆಳಗೆ ಅಚ್ಚಾಗಿದೆ. ಕುರ್ಚಿಯ ಹಿಂದೆ ಚಾಮರ ಬೀಸುತ್ತ ನಿಂತವರ ಹೆಸರು ಎಲ್ಲಿಯೂ ಇಲ್ಲ. ಇದು ಅವರೊಬ್ಬರ ದೋಷವಲ್ಲ, ಕಾಲದ ದೋಷ, ಆದರೂ ದೋಷವೇ. ಹಾಗೆಂದು ಅವರ ಕೆಲಸವನ್ನು ಅರಸೊತ್ತಿಗೆಯ ಅಲಂಕಾರವೆಂದು ತಳ್ಳಿಹಾಕುವುದೂ ಸಲ್ಲದು. ಅನ್ಯರ ಕೈಯಲ್ಲಿದ್ದ ಹೊಸ ಯಂತ್ರವನ್ನು ಒಬ್ಬ ಭಾರತೀಯನು ಕಲಿತು, ಅನ್ಯರಿಗಿಂತ ಮಿಗಿಲಾಗಿ ಬಳಸಿ ತೋರಿಸಿದ್ದು ಸಣ್ಣ ಸಂಗತಿಯಲ್ಲ. ಕೇಳಿದವರು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಅವರ ಫಲಕಗಳು ಹಿಡಿದಿಟ್ಟುವು. ಆ ಹೆಚ್ಚಿನದೇ ಇಂದು ನಮ್ಮ ಆಸ್ತಿ.

ಮತ್ತೆ ನನ್ನ ತರಗತಿಗೆ ಬರುತ್ತೇನೆ. ಚಿತ್ರವನ್ನು ತೆಗೆದವರಾರೆಂದು ತಿಳಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಇನ್ನೊಂದು ಪ್ರಶ್ನೆ ಕೇಳಿದಳು. ಅವಳು ಪುಸ್ತಕವೊಂದರಲ್ಲಿ ಬೇರಾವುದೋ ಹಳೆಯ ಗೋಪುರದ ಚಿತ್ರವನ್ನು ನೋಡಿದ್ದಳು. ಗೋಪುರದ ಬುಡದಲ್ಲಿ ಪಂಚೆಯುಟ್ಟ ಒಬ್ಬ ಮನುಷ್ಯ ನಿಂತಿದ್ದನಂತೆ. ಅವನಾರು, ಅವನ ಹೆಸರೇನು? ಹಿಂದೆ ಕಟ್ಟಡದ ಎತ್ತರ ನೋಡುವವರಿಗೆ ತಿಳಿಯಲೆಂದು ದಾರಿಯಲ್ಲಿ ಸಿಕ್ಕ ಯಾರನ್ನಾದರೂ ಅದರ ಮುಂದೆ ನಿಲ್ಲಿಸುವ ವಾಡಿಕೆ ಛಾಯಾಗ್ರಾಹಕರಲ್ಲಿ ಇತ್ತು. ಅಳತೆಗೋಲಾಗಿ ನಿಂತ ಆ ಮನುಷ್ಯನಿಗೂ ಒಂದು ಮನೆ, ಒಂದು ಹೊಲ, ಒಂದು ಹೆಸರು ಇದ್ದೇ ಇತ್ತು. ಯಾರೂ ಬರೆದಿಡಲಿಲ್ಲ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ನಾನು ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ನಿಮ್ಮ ಮನೆಯ ಗೋಡೆಯ ಮೇಲೆ, ಪೆಟ್ಟಿಗೆಯ ತಳದಲ್ಲಿ ಇರುವ ಹಳೆಯ ಚಿತ್ರವೊಂದನ್ನು ತೆಗೆದುಕೊಂಡು ಅಜ್ಜಿಯ ಬಳಿಯೋ ತಾತನ ಬಳಿಯೋ ಕುಳಿತುಕೊಳ್ಳಿ. ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಚಿತ್ರದ ಹಿಂಬದಿಯಲ್ಲಿ ಬರೆಯಿರಿ ಎಂದೆ. ಮರುವಾರ ಒಬ್ಬೊಬ್ಬರೂ ಒಂದೊಂದು ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಮದುವೆಯ ಚಂದದ ಚಿತ್ರಗಳಿದ್ದುವು. ಎತ್ತಿನ ಜೊತೆ ನಿಂತ ರೈತನ ಚಿತ್ರವಿತ್ತು. ಜಾತ್ರೆಯಲ್ಲಿ ತೆಗೆಸಿಕೊಂಡ, ಅಂಚು ಹರಿದ ಚಿತ್ರವೂ ಇತ್ತು. ಪ್ರತಿಯೊಂದರ ಹಿಂದೆಯೂ ಮಕ್ಕಳ ದುಂಡನೆಯ ಅಕ್ಷರಗಳಲ್ಲಿ ಹೆಸರುಗಳಿದ್ದುವು.